ಸಾಹುಕಾರ ಶಿರಸಿಯವನು, ಜೀಪು ಜಯನಗರದ್ದು

ಸಿನಿಮಾ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಗಾಡಿಯ ನಂಬರ್ ಪ್ಲೇಟಿಗೆ. ಹೀರೊ ಬಾಗಿಲು ತೆಗೆದು ಕಾಲು ಕೆಳಗಿಡುವಷ್ಟರಲ್ಲಿ ನಾನು ಬಂಪರ್ ಓದಿ ಮುಗಿಸಿರುತ್ತೇನೆ. "ಕಥೆ ನೋಡಾ ಮಾರಾಯಾ" ಅಂತ ಆಯಿ ಬೈಯುವುದು ಇದ್ದಿದ್ದೇ. ಆದರೆ ಕಥೆ ಎಲ್ಲಿ ಬುರುಡೆ ಬಿಡುತ್ತಿದೆ ಅಂತ ಮೊದಲು ಗೊತ್ತಾಗುವುದು ಅಲ್ಲೇ, ಅಲ್ವಾ?

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ತಗೊಳ್ಳಿ. ಪ್ಲೇಟಿನಲ್ಲಿ ಕೆಎ ಆದ ಮೇಲೆ ಬರುವ ಅಂಕಿ ಗಾಡಿ ಯಾವ ಊರಿನದು ಅಂತ ಹೇಳುತ್ತದೆ. ಕಾರವಾರ 30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಇಲ್ಲಿಯವರಿಗೆ ಇದು ಬಾಯಿಪಾಠ. ಪರದೆಯ ಮೇಲೆ ಶಿರಸಿಯ ಅಡಿಕೆ ಸಾಹುಕಾರ ಬರುತ್ತಾನೆ, ಹಳೇ ಹೆಂಚಿನ ಮನೆ, ಅಂಗಳದ ತುಂಬ ಹರವಿದ ಚಾಲಿ ಅಡಿಕೆ, ಜಗಲಿಯಲ್ಲಿ ಕವಳದ (ಎಲೆಯಡಿಕೆಯ) ಬಟ್ಟಲು, ಎಲ್ಲ ಸರಿ ಇದೆ, ಜೀಪಿನ ಮೇಲೆ ಮಾತ್ರ ಕೆಎ 05! ಅದು ಬೆಂಗಳೂರಿನ ಜಯನಗರ. ಗಾಡಿ ಯೂನಿಟ್ ಜೊತೆ ಅಲ್ಲಿಂದಲೇ ಬಂದಿರುತ್ತದೆ, ಗೊತ್ತು. ಅಷ್ಟು ಅಡಿಕೆ ಹರವಿದವರು ಒಂದು ಸ್ಟಿಕ್ಕರ್ ಅಂಟಿಸಬಾರದಿತ್ತಾ?

ಹಳೇ ಕಾಲದ ಕಥೆ ಆದರೆ ಮಜಾ ಜಾಸ್ತಿ. ಕೆಎ ಅನ್ನುವುದು ಬಂದದ್ದೇ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಯಾದ ಮೇಲೆ. ಅದಕ್ಕೂ ಮೊದಲು ನಮ್ಮ ಗಾಡಿಗಳಿಗೆ ಎಂ ಅಥವಾ ಸಿ ಇಂದ ಶುರುವಾಗುವ ಮೂರು ಅಕ್ಷರ ಇರುತ್ತಿತ್ತು. ಹಾಗಾಗಿ 1980ರ ಕಥೆಯಲ್ಲಿ ಕೆಎ ನಂಬರಿನ ಅಂಬಾಸಿಡರ್ ಬಂದರೆ ನನಗೆ ಅಲ್ಲಿಗೇ ಕಥೆ ಮುಗಿಯಿತು. ಮಾರುತಿ 800 ಕೂಡ ಹೀಗೇ ಕೈ ಕೊಡುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಮೊದಲ ಮಾರುತಿ ಚೌಕ ಡಬ್ಬಿ ಇದ್ದ ಹಾಗೆ ಇತ್ತು, ಈಗ ಎಲ್ಲರ ಕಣ್ಣಲ್ಲಿರುವ ಆಕಾರ 1986ರ ನಂತರದ್ದು. ಪ್ಲೇಟಿನಲ್ಲಿ ನೀಲಿ ಅಕ್ಷರದ ಐಎನ್‌ಡಿ, ಚಕ್ರದ ಹಾಲೊಗ್ರಾಮ್ ಕಂಡರಂತೂ ಅದು ತೀರಾ ಈಚಿನದು. ಹೊಸ ಗಾಡಿಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ.

ಬಸ್ಸನ್ನೂ ಬಿಡುವುದಿಲ್ಲ ನಾನು. ಸಾರಿಗೆ ಬಸ್ಸಿನ ನಂಬರಿನಲ್ಲಿ ಎಫ್ ಇರಬೇಕು, ಸರ್ಕಾರಿ ಜೀಪಿಗೆ ಜಿ. ಜೊತೆಗೆ ನಮ್ಮ ಕಡೆಯ ಬಸ್ಸಿನ ಮೈಮೇಲಿರುವ 'ವಾಯವ್ಯ' ಅನ್ನುವ ಹೆಸರು ಹುಟ್ಟಿದ್ದೇ 1997ರಲ್ಲಿ. 1990ರ ಶಿರಸಿಗೆ ಆ ಬಸ್ಸು ಬರುವುದು ಸಾಧ್ಯವೇ ಇಲ್ಲ.

ಕಾರವಾರದವರು ಇನ್ನೊಂದು ನೋಡುತ್ತಾರೆ. ಗೋವಾಕ್ಕೆ ಹೋದ ಹೀರೊ ಬಾಡಿಗೆ ಸ್ಕೂಟರ್ ಓಡಿಸುತ್ತಿದ್ದರೆ ಪ್ಲೇಟು ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟು ಇದ್ದರೆ ಅದು ಯಾರದ್ದೋ ಮನೆಯ ಗಾಡಿ.

ಸೀರಿಯಲ್ ವಿಷಯ ಸುಮ್ನೆ ಬಿಟ್ಟುಬಿಡೋಣ. ಅಲ್ಲಿ ಡಾಕ್ಟರ್ ಕಾರೇ ನಾಳೆ ವಿಲನ್ ಕಾರು.

ಗಾಡಿಗೆ ಸ್ಟಿಕ್ಕರ್ ಅಂಟಿಸುವುದಾದರೆ ಎಂಥ ನಂಬರ್ ಅಂಟಿಸಬೇಕು ಅನ್ನುವುದೂ ಒಂದು ತಲೆನೋವೇ. ಬಾಯಿಗೆ ಬಂದದ್ದು ಬರೆದರೆ ಅದು ಯಾರದ್ದೋ ನಿಜವಾದ ಗಾಡಿಯದ್ದಾಗಿರಬಹುದು. ಈಗ ಎಂಪರಿವಾಹನ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಗಾಡಿಯ ನಂಬರ್ ಹಾಕಿ ನೋಡಬಹುದು, ಪರದೆಯ ಮೇಲೆ ಕೊಲೆಗಾರನ ಕಪ್ಪು ಕಾರು, ಆ್ಯಪ್‌ನಲ್ಲಿ ಯಾರದ್ದೋ ಆ್ಯಕ್ಟಿವಾ. ಅಮೆರಿಕದವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. '2ಜಿಎಟಿ123' ಅನ್ನುವ ಕ್ಯಾಲಿಫೋರ್ನಿಯಾ ಪ್ಲೇಟು ಅಲ್ಲಿನ ಎಷ್ಟೋ ಸಿನಿಮಾ, ಸೀರಿಯಲ್‌ಗಳಲ್ಲಿ ಬೇರೆ ಬೇರೆ ಕಾರುಗಳ ಮೇಲೆ ಸಿಗುತ್ತದೆ, ಹುಡುಕುವವರಿಗೆ ಅದೇ ಒಂದು ಆಟ.

ನಮ್ಮಲ್ಲೂ ಸುಲಭದ ದಾರಿ ಇದೆ. 1 ಮತ್ತು 0 ಜೊತೆ ಗೊಂದಲ ಆಗುತ್ತದೆ ಅಂತ ಇಂಗ್ಲಿಷಿನ ಐ, ಓ ಅಕ್ಷರಗಳನ್ನು ನಮ್ಮ ಸೀರೀಸ್‌ನಲ್ಲಿ ಕೊಡುವುದಿಲ್ಲ. ಹಾಗಾದರೆ 'ಕೆಎ 31 ಐ' ಅಂತ ಬರೆಯಿರಿ. ಊರು ಶಿರಸಿಯೇ ಆಯಿತು, ಗಾಡಿ ಯಾರದ್ದೂ ಅಲ್ಲ. ಕಿಡ್ನ್ಯಾಪ್ ಮಾಡುವ ಓಮ್ನಿಗೆ ಬೇಕಾದರೆ ಓ ಕೊಡಿ.