ಒಂದೇ ಹೆಗಲ ಮೇಲೆ ಎರಡು ಶಾಲು

2024ರ ಲೋಕಸಭೆ ಎಲೆಕ್ಷನ್ ಟೈಮಲ್ಲಿ, ಮಂಡ್ಯದ ನಮ್ಮೂರ ಟೀ ಅಂಗಡಿ ಮುಂದೆ ನಮ್ ದೊಡ್ಡಪ್ಪ ಕೂತಿದ್ರು. ಹೆಗಲ ಮೇಲೆ ಯಾವಾಗ್ಲೂ ಇರೋ ಜೆಡಿಎಸ್ ಹಸಿರು ಶಾಲು, ಅದ್ರ ಮೇಲೆ ಯಾರೋ ಹುಡುಗ್ರು ಹಾಕಿ ಹೋದ ಬಿಜೆಪಿ ಕೇಸರಿ ಶಾಲು, ಅದನ್ನ ತೆಗೀಲೂ ಇಲ್ಲ ಸರಿಯಾಗಿ ಹೊದ್ಕೊಳ್ಳಲೂ ಇಲ್ಲ.

ಬಿಜೆಪಿ ಬೆಳೆದಿದ್ದೇ ಹಿಂಗೆ ಕಣ್ರೀ, ಬೇರೆಯವ್ರ ಜೊತೆ ಸೇರ್ಕೊಂಡು. 1951ರಲ್ಲಿ ಹುಟ್ಟಿದ ಜನಸಂಘ, ಎಮರ್ಜೆನ್ಸಿ ಆದ್ಮೇಲೆ 1977ರಲ್ಲಿ ತನ್ನ ದೀಪದ ಗುರುತನ್ನೇ ಬಿಟ್ಟು ಜನತಾ ಪಾರ್ಟಿಲಿ ಕರಗೋಯ್ತು, ಆಮೇಲೆ ಆರೆಸ್ಸೆಸ್ಸಲ್ಲೂ ಪಾರ್ಟೀಲೂ ಒಟ್ಟಿಗೆ ಇರಬಾರ್ದು ಅಂತ ಜಗಳ ಎದ್ದು 1980ರಲ್ಲಿ ಹೊರಗೆ ಬಂದು ಬಿಜೆಪಿ ಆಯ್ತು. 1984ರಲ್ಲಿ ಬರೀ 2 ಸೀಟು, 1989ರಲ್ಲಿ 85. ಅಯೋಧ್ಯೆ ವಿಷ್ಯ ಎಲ್ರಿಗೂ ನೆನಪಿದೆ, ಜನತಾದಳದ ಜೊತೆ ಮಾಡ್ಕೊಂಡ ಸೀಟು ಹೊಂದಾಣಿಕೇನ ಮಾತ್ರ ಮರೀತಾರೆ.

ನಮ್ ರಾಜ್ಯದಲ್ಲೂ ಅಷ್ಟೇ. 1983ರಲ್ಲಿ 18 ಸೀಟು ಗೆದ್ದು ಜನತಾ ಪಾರ್ಟಿಯ ರಾಮಕೃಷ್ಣ ಹೆಗಡೆ ಸರ್ಕಾರಕ್ಕೆ ಹೊರಗಿಂದ ಸಪೋರ್ಟ್, 2006ರಲ್ಲಿ ಜೆಡಿಎಸ್‌ನ ಕುಮಾರಸ್ವಾಮಿ ಜೊತೆ ಸರ್ಕಾರ, 2008ರಲ್ಲಿ 110 ಸೀಟು, ಯಡಿಯೂರಪ್ಪ ಸಿಎಂ. ಮಂಡ್ಯ ಮಾತ್ರ ಆಗ್ಲೂ ಬಗ್ಗಲಿಲ್ಲ. 2019ರಲ್ಲಿ ಇಲ್ಲಿ ಕ್ಯಾಂಡಿಡೇಟೇ ಹಾಕ್ದೆ ಪಕ್ಷೇತರ ಸುಮಲತಾ ಅವ್ರಿಗೆ ಬೆಂಬಲ ಕೊಟ್ರು, ಅದೇ ವರ್ಷ ಜೆಡಿಎಸ್ ಬಿಟ್ಟು ಬಂದ ನಾರಾಯಣಗೌಡ್ರು ಕೆ.ಆರ್.ಪೇಟೆ ಬೈಎಲೆಕ್ಷನ್ ಗೆದ್ರು, 2023ರಲ್ಲಿ ತೆನೆ ಹೊತ್ತ ಮಹಿಳೆ ಗುರುತಿನ ಜೆಡಿಎಸ್ಸೇ ಬಿಜೆಪಿ ಮೈತ್ರಿಕೂಟ ಎನ್‌ಡಿಎ ಸೇರ್ತು.

ನಂಗೆ ಹೊಟ್ಟೆ ಉರಿಯೋದು ಏನಂದ್ರೆ, ದೊಡ್ಡೋರು ದೆಲ್ಲೀಲಿ ಕೂತು ಮೈತ್ರಿ ಮಾಡ್ಕೋತಾರೆ, ಇಪ್ಪತ್ತು ವರ್ಷ ಎದುರುಬದುರು ನಿಂತು ಬೂತಲ್ಲಿ ಕಿತ್ತಾಡಿದ ಕಾರ್ಯಕರ್ತನ್ನ ಒಂದ್ ಮಾತೂ ಕೇಳಲ್ಲ.

"ದೊಡ್ಡಪ್ಪ, ಈ ಸಲ ಯಾರ್ಗೆ?" ಅಂದೆ.

"ತೆನೆಗೇ ಕಣ್ಲಾ, ಇನ್ನೇನು."

ಮನೆಗೆ ಬಂದು ಕೇಸರಿ ಶಾಲು ಮಡಚಿ ಹಸಿರು ಶಾಲಿನ ಪಕ್ಕದ ಗೂಟಕ್ಕೆ ಹಾಕಿದ್ರು.