ಮೊಗೆಬಳ್ಳಿ ಹೂ ಬಿಡುವ ಹೊತ್ತು

ಜನವರಿಯಲ್ಲಿ ಬೀಜ ಹಾಕಿದ ಮೊಗೆಬಳ್ಳಿ (ಮಂಗಳೂರು ಸೌತೆ) ಶಿವರಾತ್ರಿ ಸುಮಾರಿಗೆ ಹಿತ್ತಲಲ್ಲಿ ಹಬ್ಬಿ ಹೂ ಬಿಡುತ್ತದೆ. ಆಗ ಶುರುವಾಗುವ ದೂರು ಒಂದೇ: ಹೂವೆಲ್ಲ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಮೊದಲ ವಾರ ಬರುವುದೆಲ್ಲ ಗಂಡು ಹೂ, ಅದು ಉದುರುವುದೇ ಸೈ. ಹೂವಿನ ಬುಡದಲ್ಲಿ ಸಣ್ಣ ರೋಮದ ಪುಟಾಣಿ ಕಾಯಿ ಕಂಡರೆ ಅದು ಹೆಣ್ಣು. ಬರೀ ಸಪೂರ ತೊಟ್ಟಿದ್ದರೆ ಗಂಡು.

ಹೆಣ್ಣು ಹೂ ಹೆಚ್ಚಾಗಿ ಕವಲು ಕುಡಿಯಲ್ಲೇ ಬರುವುದರಿಂದ, ಐದಾರು ಎಲೆ ಆದಾಗ ಮುಖ್ಯ ಬಳ್ಳಿಯ ತುದಿ ಚಿವುಟಬೇಕು. ಗುಂಡಿಗೆ ಹಳೆ ಸಗಣಿಗೊಬ್ಬರ ಎರಡು ಬುಟ್ಟಿ ಬಿದ್ದಿದ್ದರೆ ಯೂರಿಯಾ ಬೇಡ. ಹಾಕಿದರೆ ಎಲೆ ಸೊಕ್ಕುತ್ತದೆ, ಕಾಯಿ ಕಡಿಮೆ. ಜೇನು ಸುಳಿಯದ ಹಿತ್ತಲಾದರೆ ಬೆಳಿಗ್ಗೆ ಒಂಬತ್ತರೊಳಗೆ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿ. ಬಿಸಿಲೇರಿದ ಮೇಲೆ ಮಾಡಿದರೆ ದಂಡ.

ಎಳೆ ಸಸಿಗೆ ಕೆಂಪು ದುಂಬಿ ಕಾಟ. ಇಬ್ಬನಿ ಆರುವ ಮೊದಲು ಒಲೆ ಬೂದಿ ಉದುರಿಸಿದರೆ ಎಲೆಗೆ ಅಂಟಿ ನಿಲ್ಲುತ್ತದೆ.

ನಿಜವಾದ ಶತ್ರು ಹಣ್ಣುನೊಣ. ಹೆಬ್ಬೆರಳಿನಷ್ಟಿರುವ ಎಳೆಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟಿನ ಹನಿಯೊಂದು ಮಿನುಗುತ್ತಿರುತ್ತದೆ. ಅದು ಕಂಡಿತೆಂದರೆ ಆ ಕಾಯಿಯ ಆಸೆ ಬಿಡಿ. ಕಾಯಿ ಡೊಂಕಾಗಿ, ಹಳದಿ ತಿರುಗಿ ಕೊಳೆಯುತ್ತದೆ. ಔಷಧ ಹೊಡೆದು ಪ್ರಯೋಜನವಿಲ್ಲ, ಹುಳ ಒಳಗಿದೆ. ಹೂ ಬಾಡಿದ ಎರಡು ಮೂರು ದಿನದೊಳಗೆ ಕಾಯಿಗೆ ಪೇಪರ್ ಕೊಟ್ಟೆ (ಚೀಲ) ಸಡಿಲವಾಗಿ ಕಟ್ಟುವುದೇ ದಾರಿ. ಕೊಳೆತದ್ದನ್ನು ಗೊಬ್ಬರಗುಂಡಿಗೆ ಎಸೆಯಬೇಡಿ. ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗುತ್ತದೆ. ಎರಡಡಿ ಆಳಕ್ಕೆ ಹೂಳಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿ. ನೊಣವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ತರುವವರು ಕ್ಯೂ ಲ್ಯೂರ್ ಎಂದೇ ಕೇಳಿ ತನ್ನಿ. ಮಾವಿಗೆ ಬಳಸುವ ಮೀಥೈಲ್ ಯೂಜಿನಾಲ್‌ಗೆ ಬಳ್ಳಿತರಕಾರಿಯ ಈ ನೊಣ ಬರುವುದಿಲ್ಲ. ಕ್ಯೂ ಲ್ಯೂರ್‌ಗೂ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಬಲೆ ಇದ್ದರೂ ಕೊಟ್ಟೆ ಬಿಡುವಂತಿಲ್ಲ.

ನೀರು ಬುಡಕ್ಕೆ, ಎಲೆಗಲ್ಲ. ನೆಲ ಮುಟ್ಟುವ ಕಾಯಿಯ ಅಡಿಗೆ ಅಡಿಕೆ ಹಾಳೆ ತುಂಡು ಸರಿಸಿದರೆ ತಳ ಕೊಳೆಯದು.

ಕಾಯಿ ಹೊನ್ನಿನ ಬಣ್ಣಕ್ಕೆ ತಿರುಗಿದಾಗ ನೀರು ನಿಲ್ಲಿಸಿ, ವಾರ ಬಿಟ್ಟು ಎರಡಿಂಚು ತೊಟ್ಟು ಸಮೇತ ಕೊಯ್ಯಿ. ಬೇಸಿಗೆಯ ಅಡ್ಡಮಳೆಗೆ ಮೊದಲೇ ಮುಗಿಸಿದರೆ ಒಳ್ಳೆಯದು. ತೊಳೆಯದೆ, ಬಾಳೆನಾರಿನಲ್ಲಿ ಒಂದಕ್ಕೊಂದು ತಾಗದಂತೆ ಅಟ್ಟದ ಜಂತಿಗೆ ಕಟ್ಟಿದರೆ ಮಳೆಗಾಲದ ಹುಳಿಗೂ ಆಯಿತು. ಬೀಜಕ್ಕೆ ಇಡುವುದಾದರೆ ಪಕ್ಕದಲ್ಲಿ ಚಿಬ್ಬಡ ಹಣ್ಣಿನ ಬಳ್ಳಿ ಇರಬಾರದು. ಎರಡೂ ಒಂದೇ ಜಾತಿ, ಪರಾಗ ಬೆರೆಯುತ್ತದೆ. ಈ ವರ್ಷದ ಕಾಯಿ ಸರಿಯಿದ್ದರೂ ಮುಂದಿನ ವರ್ಷ ಬಳ್ಳಿಯಲ್ಲಿ ಏನು ಹಿಡಿಯುತ್ತದೋ ಹೇಳಲಾಗದು. ಮುಳ್ಳುಸೌತೆ, ಕುಂಬಳ ಎಷ್ಟು ಹತ್ತಿರವಿದ್ದರೂ ತೊಂದರೆಯಿಲ್ಲ.