ತೆರ್ಸ್ ಮುಗಿಯದೆ ಊಟ ಇಲ್ಲ

ವಿಶ್ವಾಸ ಗಟ್ಟಿಯಾಗಬೇಕಾದರೆ ದೊಡ್ಡ ರಿಟ್ರೀಟಿಗೇ, ಅಂದರೆ ಧ್ಯಾನ-ಪ್ರಾರ್ಥನೆಯ ಶಿಬಿರಕ್ಕೇ ಹೋಗಬೇಕು ಅನ್ನುವವರು ನಮ್ಮಲ್ಲಿ ಜಾಸ್ತಿ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಏರಿದ ಉತ್ಸಾಹ ಬಸ್ಸು ಕಾರವಾರ ಮುಟ್ಟುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ನನಗೆ ನಂಬಿಕೆ ಇರುವುದು ಮನೆಯ ತೆರ್ಸಿನ ಮೇಲೆ, ಸಂಜೆ ಎಲ್ಲರೂ ಕೂತು ಹೇಳುವ ಆ ಜಪಸರದ ಮೇಲೆ.

ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ತೆರ್ಸ್ ಮುಗಿಯದೆ ತಟ್ಟೆ ಇಡದ ಕಾಲವೊಂದಿತ್ತು. ಈಗ ಧಾರಾವಾಹಿ ಮುಗಿಯದೆ ಊಟ ಇಲ್ಲ, ಬಿಡಿ. ನಮ್ಮಲ್ಲಿ ಇನ್ನೂ ನಡೆದಿದೆ. ಅಲ್ತಾರಿನ, ಅಂದರೆ ಮನೆಯ ಪ್ರಾರ್ಥನಾ ಪೀಠದ ಮುಂದೆ ಚಾಪೆ, ಒಂದು ಮೇಣದ ಬತ್ತಿ. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಪಕ್ಕದವರ ಪ್ರಾರ್ಥನೆಯೂ ಕೇಳಿಸುವುದಿಲ್ಲ. ಯೇಸುವಿನ ತಾಯಿ ಮರಿಯಮ್ಮನಿಗೆ ಹೇಳುವ 'ನಮಾನ್ ಮರಿಯೆ' ಪ್ರಾರ್ಥನೆ ಹೇಳುತ್ತಲೇ, ಬೆರಳಲ್ಲಿ ಹಿಡಿದ ಮಣಿ ಬಿಡದೆ, ಅಮ್ಮ ಅಡುಗೆಮನೆ ಕಡೆ ಕಣ್ಣು ಮಾಡುತ್ತಾರೆ: ಸಾರು ಉಕ್ತಾ ಇದೆ, ಹೋಗಿ ಗ್ಯಾಸ್ ಆರಿಸು ಅಂತ. ನಾನು ಬರುವಷ್ಟರಲ್ಲಿ ಒಂದೆರಡು ಮಣಿ ಮುಂದೆ ಹೋಗಿರುತ್ತವೆ. ಸುಮ್ನೆ ಸೇರಿಕೊಂಡರಾಯ್ತು.

ಮನಸ್ಸು ನಿಲ್ಲುವುದಿಲ್ಲ ಅಂತ ಜಪಸರ ಬಿಟ್ಟವರು ಬಹಳ. ಐದು ಸುತ್ತಿಗೆ ಐವತ್ತು ಸಲ ಅದೇ ಪ್ರಾರ್ಥನೆ, ಮನಸ್ಸು ಓಡದೆ ಇರುತ್ತಾ? ಅದಕ್ಕೇ ಅಲ್ವಾ ರಹಸ್ಯಗಳು ಇರುವುದು. ಬಾಯಿಗೆ ಜಪ, ಮನಸ್ಸಿಗೆ ಯೇಸುವಿನ ಬದುಕಿನ ಒಂದು ಘಟನೆ. ಸೋಮವಾರ ಸಂತೋಷದ ರಹಸ್ಯ, ಮಂಗಳವಾರ ದುಃಖದ್ದು, ಬುಧವಾರ ಮಹಿಮೆಯದು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ್ದು 2002ರಲ್ಲಿ. ನನಗಿಷ್ಟ ಅದರಲ್ಲಿ ಬರುವ ಕಾನಾ ಊರಿನ ಮದುವೆ. ದ್ರಾಕ್ಷಾರಸ ಮುಗಿದು ಮನೆಯವರ ಮಾನ ಹೋಗುವ ಹೊತ್ತು, ಅದನ್ನು ಮೊದಲು ಗಮನಿಸಿದ್ದು ಮರಿಯಮ್ಮ. ಆ ಪೇಚಾಟ ನಮ್ಮೂರ ಮದುವೆ ಮನೆಗಳಿಗೆ ಹೊಸದಲ್ಲ. ಹಾಗಾಗಿ ಆ ಹತ್ತು ಮಣಿಯಲ್ಲಿ ನನ್ನ ಮನಸ್ಸು ಅಷ್ಟು ಅಲೆಯುವುದಿಲ್ಲ.

ಕೆಲಸಕ್ಕೆ ಅಂತ ಗೋವಾದಲ್ಲೋ ಬೆಂಗಳೂರಲ್ಲೋ ಒಬ್ಬರೇ ಇರುವವರು ಬೈಬಲ್ಲಿನ ಕೀರ್ತನೆಗಳನ್ನು ಓದಿ. ಒಟ್ಟು 150 ಇವೆ, ಎಲ್ಲವೂ ಸ್ತುತಿ ಅಂದುಕೊಳ್ಳಬೇಡಿ. 13ನೆಯದನ್ನೇ ನೋಡಿ, ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ನೇರವಾಗಿ ದೇವರನ್ನೇ ಕೇಳುತ್ತದೆ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಂತು, ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್‌ಗಳು ಸಾಲಾಗಿ ನಿಂತಿರುವಾಗ, ಕೈಯಲ್ಲಿ ಕಾಸಿಲ್ಲದವನಿಗೆ ಸ್ತುತಿಗಿಂತ ಈ ಮಾತು ಬೇಗ ಬಾಯಿಗೆ ಬರುತ್ತದೆ. ಅದೂ ಪ್ರಾರ್ಥನೆಯೇ, ಬೈಬಲ್ಲಿನಲ್ಲೇ ಇದೆಯಲ್ಲ!

ಹೊಸದಾಗಿ ಶುರು ಮಾಡುವವರು ಐದೂ ಸುತ್ತು ಮುಗಿಸುವ ಹಟಕ್ಕೆ ಬೀಳಬೇಡಿ. ದಿನಾ ಅದೇ ಹೊತ್ತು, ಅದೇ ಜಾಗ, ಹತ್ತು ಮಣಿ ಸಾಕು, ಐದು ನಿಮಿಷವೂ ಹಿಡಿಯುವುದಿಲ್ಲ. ಮೊಬೈಲ್ ಮಾತ್ರ ಬೇರೆ ಕೋಣೆಯಲ್ಲಿರಲಿ.